ಕೈಗೆಟುಕುವ ಬಣ್ಣ, ಕೈಗೆಟುಕದ ಕತ್ತರಿ

ಸೋಫಾ ಸಂದಿಯಲ್ಲೆಲ್ಲ ಮಗಳ ಕ್ರೇಯಾನ್‌ಗಳೇ ಎಂದು ಪತ್ರದಲ್ಲಿ ಬರೆದಿದ್ದೀರಿ. ಹೊಸ ಕಪಾಟಿನ ಯೋಚನೆ ಸದ್ಯಕ್ಕೆ ಬಿಡಿ. ಅವಳ ಬಣ್ಣ, ಕರಕುಶಲದ ಸಾಮಾನನ್ನೆಲ್ಲ ಹಳೇ ಪೇಪರ್ ಮೇಲೆ ಸುರಿದು, ಒಣಗಿದ ಸ್ಕೆಚ್ ಪೆನ್ನುಗಳನ್ನು ಬಿಸಾಡಿ. ಹೊರೆ ಅಲ್ಲೇ ಎಷ್ಟೋ ಇಳಿಯುತ್ತದೆ.

ಕ್ರೇಯಾನ್, ಹಾಳೆ ಮಗಳ ಕೈಗೆಟುಕುವ ಕೆಳಗಿನ ತಟ್ಟೆಯಲ್ಲಿರಲಿ. ಕತ್ತರಿ, ವಾಟರ್ ಕಲರ್ ಮೇಲಕ್ಕೆ. ಮನೆಯಲ್ಲಿ 2 ವರ್ಷದ ತಮ್ಮನೂ ಇದ್ದಾನಲ್ಲ, ಮಣಿ, ಗುಂಡಿಗಳನ್ನು ಅವನು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅವು ಬೀಗದೊಳಗೇ ಇರಬೇಕು. ಗ್ಲಿಟರ್ ವಿಷಯದಲ್ಲಂತೂ ನಾನು ನಿರ್ದಯಿ: ಮನೆಗೇ ತರಬೇಡಿ!

ಡಬ್ಬಿಗೆ ದುಡ್ಡು ಸುರಿಯಬೇಡಿ, ಖಾಲಿ ಐಸ್‌ಕ್ರೀಮ್ ಡಬ್ಬಿ ಸಾಕು. ಕ್ಲೇಗೆ ಮಾತ್ರ ಬಿಗಿ ಮುಚ್ಚಳದ್ದೇ ಬೇಕು, ಗಾಳಿಯಾಡಿದರೆ ಗಟ್ಟಿಯಾಗುತ್ತದೆ. ಮಗಳಿಗೆ ಇನ್ನೂ ಓದಲು ಬಾರದು ಎಂದಿರಿ. ಹೆಸರಿನ ಚೀಟಿ ಬದಲು ಒಳಗಿರುವ ವಸ್ತುವಿನ ಚಿತ್ರ ಅಂಟಿಸಿ. ಆ ಚಿತ್ರವನ್ನು ಅವಳೇ ಬರೆಯಲಿ, ಸೊಟ್ಟಗಿದ್ದರೂ ಸರಿ.