ಸೇವೆಯ ದಾರಿ, ದೇವರ ಬುತ್ತಿ

ಸುವಾರ್ತೆ ಸೇವೆಗೆಂದು ಊರೂರು ತಿರುಗುವವರಿಂದಲೂ ಅವರ ಮನೆಯವರಿಂದಲೂ ಈಚೆಗೆ ಪತ್ರಗಳು ಹೆಚ್ಚು ಬಂದಿವೆ. ದಾರಿಯಲ್ಲಿ ದೇವರು ಹೇಗೆ ಒದಗಿಸುತ್ತಾರೆ ಎಂಬುದೇ ಎಲ್ಲರ ಪ್ರಶ್ನೆ. ಕೆಲವನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟಿದ್ದೇನೆ.

ಮಳೆಗಾಲ ಮುಗಿದ ಮೇಲೆ ನಮ್ಮ ಯುವಕರ ತಂಡ ಒಡಿಶಾದ ಗುಡ್ಡಗಾಡಿಗೆ ಸೇವೆಗೆ ಹೊರಡಲಿದೆ. ಹೋಗುವ ಟಿಕೆಟ್ ಮಾತ್ರ ತೆಗೆಸಿದ್ದಾರೆ. ‘ಕೈಯಲ್ಲಿ ದುಡ್ಡಿಟ್ಟುಕೊಂಡರೆ ನಂಬಿಕೆ ಎಲ್ಲಿ ಬಂತು? ಶಿಷ್ಯರು ಚೀಲ ಒಯ್ದಿದ್ದರೇ?’ ಎನ್ನುತ್ತಾರೆ ನಮ್ಮ ಮುಖಂಡರು. ನನಗೆ ಒಳಗೊಳಗೇ ಭಯ. ಇದು ಅಪನಂಬಿಕೆಯೇ?
— ಒಬ್ಬ ಯುವಕ, ಗದಗ ಜಿಲ್ಲೆ

ತಮ್ಮಾ, ಇದು ಅಪನಂಬಿಕೆಯಲ್ಲ. ಮುಖಂಡರು ಹೇಳುವ ಮಾತು ವಾಕ್ಯದಲ್ಲಿರುವುದು ನಿಜ. ಮತ್ತಾಯ 10ರಲ್ಲೂ ಲೂಕ 10ರಲ್ಲೂ ಯೇಸುಸ್ವಾಮಿ ಶಿಷ್ಯರನ್ನು ಹಣವಿಲ್ಲದೆ, ಚೀಲವಿಲ್ಲದೆ ಕಳಿಸುತ್ತಾರೆ. ಆದರೆ ಅದೇ ಲೂಕನ 22ನೇ ಅಧ್ಯಾಯವನ್ನು ಯಾಕೆ ಬಿಡಬೇಕು? ಸೆರೆಯಾಗುವ ರಾತ್ರಿ ಅವರು ಆ ದಿನಗಳನ್ನು ನೆನಪಿಸಿ, ಆಗ ನಿಮಗೇನಾದರೂ ಕಡಿಮೆ ಬಿತ್ತೇ ಎಂದು ಕೇಳುತ್ತಾರೆ. ಏನೂ ಇಲ್ಲ ಎಂದು ಶಿಷ್ಯರು ಒಪ್ಪುತ್ತಾರೆ. ಆ ಉತ್ತರ ಕೇಳಿದ ಮೇಲೆಯೇ, ಈಗ ಹಣದ ಚೀಲ ಇದ್ದವನು ಅದನ್ನು ತೆಗೆದುಕೊಳ್ಳಲಿ ಎನ್ನುತ್ತಾರೆ. ಮೊದಲ ಪ್ರಯಾಣ ಸ್ವಂತ ಜನರ ಊರುಗಳಲ್ಲಿ, ಅತಿಥಿಗೆ ಊಟ ಹಾಕುವುದು ಕರ್ತವ್ಯವೆಂದು ಎಲ್ಲರೂ ತಿಳಿದಿದ್ದ ನಾಡಿನಲ್ಲಿ ನಡೆದದ್ದು. ಮುಂದಿನ ದಾರಿ ವಿರೋಧಿಗಳ ನಡುವಿನದು. ಬರಿಗೈಯಲ್ಲಿ ಕಳಿಸಿದವರೂ ಚೀಲ ಹಿಡಿಯಲು ಹೇಳಿದವರೂ ಒಬ್ಬರೇ.

ಪೌಲನೂ ಹಾಗೆಯೇ ನಡೆದ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಗುಡಾರ ಮಾಡುವ ಕೆಲಸ ಮಾಡಿದ. ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ್ದನ್ನು ಸಂತೋಷದಿಂದ ಸ್ವೀಕರಿಸಿದ. ಎರಡರಲ್ಲೂ ಅವನು ದೇವರ ಕೈಯನ್ನೇ ಕಂಡ.

ನಂಬಿಕೆಯಿಂದ ಸೇವೆ ಮಾಡಿದವರೆಂದು ನಾವು ಸದಾ ಹೆಸರು ಹೇಳುವ ಇಬ್ಬರಿದ್ದಾರೆ: ಬ್ರಿಸ್ಟಲ್‌ನ ಜಾರ್ಜ್ ಮುಲ್ಲರ್, 1865ರಲ್ಲಿ ಚೈನಾ ಇನ್‌ಲ್ಯಾಂಡ್ ಮಿಷನ್ ಆರಂಭಿಸಿದ ಹಡ್ಸನ್ ಟೇಲರ್. ಅವರು ಜನರ ಮುಂದೆ ಕೈ ಚಾಚದೆ ದೇವರನ್ನು ಕೇಳಿದರು ಎಂಬುದನ್ನು ಪ್ರಸಂಗಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಅವರ ಲೆಕ್ಕದ ಪುಸ್ತಕದ ಬಗ್ಗೆ ಯಾರೂ ಹೇಳುವುದಿಲ್ಲ. ಮುಲ್ಲರ್ ಬಂದದ್ದು, ಹೋದದ್ದನ್ನೆಲ್ಲ ವರದಿಗಳಲ್ಲಿ ಅಚ್ಚು ಹಾಕಿಸುತ್ತಿದ್ದರು. ಟೇಲರ್ ತಮ್ಮನ್ನು ಚೀನಾಕ್ಕೆ ಕಳಿಸಿದ ಸಂಸ್ಥೆಯನ್ನು 1857ರಲ್ಲಿ ಬಿಟ್ಟರು. ಆ ಸಂಸ್ಥೆ ಸಾಲ ಮಾಡಿ ಸೇವೆ ನಡೆಸುತ್ತಿತ್ತು, ಅದು ಅವರ ಮನಸ್ಸಾಕ್ಷಿಗೆ ಒಪ್ಪಲಿಲ್ಲ. ನಿಮ್ಮ ತಂಡ ವಾಪಸು ಟಿಕೆಟ್ ಇಲ್ಲದೆ ಹೋದರೆ ಆ ಖರ್ಚು ಯಾರ ತಲೆಗೆ ಬರುತ್ತದೆ? ಗುಡ್ಡದ ಬಡವರ ತಲೆಗೆ, ಇಲ್ಲವೇ ಊರಲ್ಲಿರುವ ನಿನ್ನ ಅಪ್ಪನ ತಲೆಗೆ. ಅಪ್ಪ ಸಾಲ ತಂದು ಕಳಿಸಿದ ಹಣದ ಬಗ್ಗೆ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಲು ನಿನಗೆ ಮನಸ್ಸು ಬರುತ್ತದೆಯೇ?

ವಾಪಸು ಟಿಕೆಟ್ ತೆಗೆಸಿರಿ. ಆ ಗುಡ್ಡಗಳಲ್ಲಿ ಮಲೇರಿಯಾ ಇದೆ. ಹೊರಡುವ ಮೊದಲು ವೈದ್ಯರನ್ನು ಕಾಣಿರಿ, ಸೊಳ್ಳೆಪರದೆ ಒಯ್ಯಿರಿ. ಅಲ್ಲಿಯ ಸಭೆಯವರಿಗೆ ಎಷ್ಟು ಜನ, ಎಷ್ಟು ದಿನ ಎಂದು ಮೊದಲೇ ತಿಳಿಸಿರಿ. ಇಷ್ಟೆಲ್ಲ ಮಾಡಿದರೆ ದೇವರಿಗೆ ಒದಗಿಸಲು ಏನೂ ಉಳಿಯುವುದಿಲ್ಲ ಎಂದುಕೊಳ್ಳಬೇಡ. ರಸ್ತೆ ಕುಸಿಯುತ್ತದೆ, ಜೊತೆಗಾರನಿಗೆ ಜ್ವರ ಬರುತ್ತದೆ, ಭಾಷೆ ಬಲ್ಲವನು ಕೊನೆಗಳಿಗೆಯಲ್ಲಿ ಬರುವುದಿಲ್ಲ. ನಮ್ಮ ಸಿದ್ಧತೆ ಮುಗಿದ ಜಾಗದಲ್ಲಿ ದೇವರ ಸಹಾಯ ಕಾಣುವುದು ಒಂದು. ಬೇಕೆಂದೇ ಸಿದ್ಧತೆ ಬಿಟ್ಟು ದೇವರೇ ಹಿಡಿದುಕೊಳ್ಳಲಿ ಎನ್ನುವುದು ಇನ್ನೊಂದು. ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಕೆಳಕ್ಕೆ ಧುಮುಕು ಎಂದವನು ಯಾರು ಎಂಬುದನ್ನು ನಿಮ್ಮ ಮುಖಂಡರಿಗೆ ಪ್ರೀತಿಯಿಂದಲೇ ನೆನಪಿಸು.

ನಮ್ಮ ಯಜಮಾನರು ತಿಂಗಳಲ್ಲಿ ಹೆಚ್ಚು ದಿನ ಸೇವೆಯ ಮೇಲೆ ಹೊರಗೇ ಇರುತ್ತಾರೆ. ಹೋದಲ್ಲೆಲ್ಲ ಅವರಿಗೆ ಊಟ, ವಸತಿ, ಬಸ್ ಚಾರ್ಜು ಆಶ್ಚರ್ಯವಾಗಿ ಸಿಗುತ್ತದೆ. ಬಂದು ಸಾಕ್ಷಿ ಹೇಳುತ್ತಾರೆ. ಇಲ್ಲಿ ಅಕ್ಕಿ ಡಬ್ಬ ಖಾಲಿ, ಮಗಳ ಫೀಸು ಬಾಕಿ. ಕೇಳಿದರೆ ಕರ್ತನು ನೋಡಿಕೊಳ್ಳುತ್ತಾನೆ ಎನ್ನುತ್ತಾರೆ. ಅಯ್ಯನವರೇ, ನನ್ನ ನಂಬಿಕೆ ಕಡಿಮೆಯೇ?
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಇಲ್ಲ ತಂಗಿ. ಡಬ್ಬ ಖಾಲಿ ಇಟ್ಟುಕೊಂಡು ಮಕ್ಕಳನ್ನು ಶಾಲೆಗೆ ಕಳಿಸುತ್ತಿರುವ ನಿಮ್ಮ ನಂಬಿಕೆಯನ್ನು ಅಳೆಯಲು ಯಾರಿಗೂ ಅಧಿಕಾರವಿಲ್ಲ. ನಿಮ್ಮ ಪತ್ರ ಓದಿದಾಗ ನನಗೆ ಡೊರೊಥಿ ಕೇರಿ ನೆನಪಾದರು.

ವಿಲಿಯಂ ಕೇರಿ ನಮಗೆಲ್ಲ ಗೊತ್ತು. 1817ರಲ್ಲಿ ನಮ್ಮ ಕನ್ನಡಕ್ಕೂ ಒಂದು ವ್ಯಾಕರಣ ಬರೆದ ದೊಡ್ಡ ಮನುಷ್ಯ. ಅವರು 1793ರಲ್ಲಿ ಬಂಗಾಳಕ್ಕೆ ಹೊರಟಾಗ ಹೆಂಡತಿ ಡೊರೊಥಿಗೆ ಬರಲು ಮನಸ್ಸಿರಲಿಲ್ಲ. ಕೈಯಲ್ಲಿ ಹಸುಗೂಸು. ತಂಗಿ ಕ್ಯಾಥರೀನ್ ಜೊತೆಗೆ ಬರುವುದಾದರೆ ಎಂದು ಕೊನೆಗೆ ಒಪ್ಪಿದರು. ಕಲ್ಕತ್ತ ತಲುಪಿ ಸ್ವಲ್ಪ ದಿನಕ್ಕೇ ಹಣ ಮುಗಿಯಿತು. ಲೆಕ್ಕ ನೋಡಿಕೊಳ್ಳುತ್ತಿದ್ದ ಜೊತೆಗಾರ ಜಾನ್ ಥಾಮಸ್‌ಗೆ ದುಡ್ಡು ಹಿಡಿದಿಡುವುದು ಗೊತ್ತಿರಲಿಲ್ಲ. ಕೇರಿ ಸಂಸಾರ ಕಟ್ಟಿಕೊಂಡು ಸುಂದರಬನದ ಕಡೆ ದೋಣಿಯಲ್ಲಿ ಹೋದರು. ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಉಪ್ಪಿನ ಇಲಾಖೆಯ ಅಧಿಕಾರಿ ಚಾರ್ಲ್ಸ್ ಶಾರ್ಟ್, ಇವರ ಸುವಾರ್ತೆಯಲ್ಲಿ ಆಸಕ್ತಿಯೇ ಇಲ್ಲದಿದ್ದರೂ, ಇಡೀ ಸಂಸಾರವನ್ನು ತನ್ನ ಮನೆಯಲ್ಲಿ ಇಟ್ಟುಕೊಂಡು ಊಟ ಹಾಕಿದ. ಆಮೇಲೆ ಜಾರ್ಜ್ ಉಡ್ನಿ ಎಂಬ ವ್ಯಾಪಾರಿ ಮದನಾವತಿಯ ನೀಲಿ ಕಾರ್ಖಾನೆಯಲ್ಲಿ ಕೆಲಸ ಕೊಟ್ಟರು.

ದೇವರು ಒದಗಿಸಿದರು ಎಂದು ಈ ಕಥೆಯನ್ನು ನಾವು ಇಲ್ಲಿಗೇ ನಿಲ್ಲಿಸುತ್ತೇವೆ. ಒದಗಿಸಿದ್ದು ನಿಜ, ನಾನು ಅದನ್ನು ಪೂರ್ತಿ ನಂಬುತ್ತೇನೆ. ಆದರೆ 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಕಾಯಿಲೆ, ಅಲೆದಾಟ, ದುಃಖ ಎಲ್ಲ ಸೇರಿ ಡೊರೊಥಿಯ ಮನಸ್ಸು ಕದಡಿತು. 1807ರಲ್ಲಿ ಸಾಯುವವರೆಗೂ ಅವರು ಚೇತರಿಸಿಕೊಳ್ಳಲಿಲ್ಲ. ಸಾಕ್ಷಿ ಹೇಳುವಾಗ ಡೊರೊಥಿಯ ಹೆಸರೂ ಬರಬೇಕು ಎಂಬುದು ನನ್ನ ಬಹುಕಾಲದ ಆಸೆ.

ನಿಮ್ಮ ಯಜಮಾನರಿಗೆ ಎರಡು ಭಾಗ ಓದಲು ಕೊಡಿ. ಒಂದು 1 ತಿಮೊಥೆ 5:8. ಇನ್ನೊಂದು ಮಾರ್ಕ 7ನೇ ಅಧ್ಯಾಯ. ತಂದೆತಾಯಿಗೆ ಸಲ್ಲಬೇಕಾದ್ದನ್ನು ದೇವರಿಗೆ ಮೀಸಲು ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸುಸ್ವಾಮಿ ಅಲ್ಲಿ ಎಷ್ಟು ಕಟುವಾಗಿ ಖಂಡಿಸುತ್ತಾರೆ ನೋಡಲಿ. ಅವರಿಗೆ ದಾರಿಯಲ್ಲಿ ಸಿಗುವ ಕಾಣಿಕೆ ಸೇವಕನೊಬ್ಬನಿಗೇ ಬಂದದ್ದಲ್ಲ, ಆ ಸೇವೆಗಾಗಿ ಮನೆಯಲ್ಲಿ ಒಂಟಿಯಾಗಿ ಹೊರೆ ಹೊತ್ತ ನಿಮಗೂ ಬಂದದ್ದು. ಸಭಾಪಾಲಕರ ಮುಂದೆ ಇಬ್ಬರೂ ಕೂತು, ತಿಂಗಳ ರೇಷನ್, ಬಾಡಿಗೆ, ಫೀಸು ಎಷ್ಟು ಎಂದು ಬರೆಯಿರಿ. ಅದು ತುಂಬಿದ ಮೇಲೆ ಉಳಿದದ್ದರಲ್ಲಿ ಪ್ರಯಾಣ. ಉಳಿಯದ ತಿಂಗಳು ಅವರು ಊರಲ್ಲೇ ದುಡಿಯಲಿ. ಗುಡಾರ ಮಾಡಿದ ಅಪೊಸ್ತಲನಿಗೆ ಅದರಿಂದ ಅವಮಾನವಾಗಲಿಲ್ಲ. ಮಾತಾಡಲು ನಿಮಗೊಬ್ಬರಿಗೇ ಕಷ್ಟವಾದರೆ ಸ್ತ್ರೀಯರ ಕೂಟದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಸುಮ್ಮನಿರಬೇಡಿ.

ಸೇವೆ ಮುಗಿಸಿ ಬರುವಾಗ ರಾತ್ರಿ ಬಸ್ ಕೆಟ್ಟಿತು. ದಾರಿಬದಿಯ ತೋಟದ ಮನೆಯವರು, ಕ್ರೈಸ್ತರಲ್ಲ, ಕರೆದು ರೊಟ್ಟಿ ಪಲ್ಯ ಹಾಕಿ ಮಲಗಲು ಜಾಗ ಕೊಟ್ಟರು. ದೇವರು ಒದಗಿಸಿದರು ಎಂದು ಸಭೆಯಲ್ಲಿ ಹೇಳಿದಾಗ ಒಬ್ಬರು, ‘ಅದು ಅವರ ಒಳ್ಳೆಯತನ, ದೇವರನ್ನು ಯಾಕೆ ತರುತ್ತೀರಿ?’ ಎಂದರು.
— ನಿವೃತ್ತ ಶಿಕ್ಷಕರು, ಬೀದರ್

ಎರಡೂ ನಿಜ, ಮೇಷ್ಟ್ರೇ. ಪೌಲನಿದ್ದ ಹಡಗು ಒಡೆದು 276 ಜನ ಒದ್ದೆಯಾಗಿ ಮೆಲೀತೆ ದ್ವೀಪದ ದಡ ಸೇರಿದಾಗ, ಮಳೆ ಚಳಿಯಲ್ಲಿ ಬೆಂಕಿ ಹಾಕಿ ಎಲ್ಲರನ್ನೂ ಬರಮಾಡಿಕೊಂಡವರು ಪೌಲನ ದೇವರನ್ನು ಅರಿಯದ ಜನ. ಲೂಕನು ಅವರ ದಯೆಯನ್ನು ಅವರದೇ ಎಂದು ಬರೆಯುತ್ತಾನೆ. ದ್ವೀಪದ ಮುಖ್ಯಸ್ಥ ಪೊಪ್ಲಿಯನ ಹೆಸರನ್ನೂ, ಅವನು ಮೂರು ದಿನ ಉಪಚರಿಸಿದ್ದನ್ನೂ ಮರೆಯದೆ ದಾಖಲಿಸುತ್ತಾನೆ. ದೇವರ ಹೆಸರು ಹೇಳುವ ಅವಸರದಲ್ಲಿ ರೊಟ್ಟಿ ಬಡಿದ ತಾಯಿಯನ್ನು ಅಳಿಸಿಬಿಡುವುದು ನಮ್ಮ ಸಾಕ್ಷಿಗಳಲ್ಲಿ ತೀರ ಹೆಚ್ಚಾಗಿದೆ. ಬೀದರ್ ಕಡೆಯ ಜನ ಹಸಿದವರನ್ನು ಹಾಗೇ ಕಳಿಸುವುದಿಲ್ಲ. ನಾವು ಅಲ್ಲಿಗೆ ಹೋಗುವ ಮೊದಲೇ ದೇವರು ಆ ನಾಡಿನಲ್ಲಿ ಬೆಳೆಸಿದ ಗುಣ ಅದು. ಒಂದು ಬಿಡುವಿನ ದಿನ ಆ ಮನೆಗೆ ಹೋಗಿ ಬನ್ನಿ, ಕೈಯಲ್ಲಿ ಹಣ್ಣು ಹಿಡಿದುಕೊಂಡು. ಅವರ ಉಪಕಾರಕ್ಕೆ ಕೃತಜ್ಞತೆ ಹೇಳಲು ಹೋಗಿ, ಅಷ್ಟೇ. ಅವತ್ತೇ ಕರಪತ್ರ ಕೊಡುವ ಆತುರ ಬೇಡ.

ನೇಪಾಳಕ್ಕೆ ಹೋಗಲು ವರ್ಷವಿಡೀ ಪ್ರಾರ್ಥಿಸಿದೆವು, ಉಪವಾಸ ಮಾಡಿದೆವು. ಹಣ ಕೂಡಲಿಲ್ಲ. ನಮ್ಮಲ್ಲಿ ಪಾಪ ಇದೆಯೇ?
— ಇಬ್ಬರು ಸಹೋದರಿಯರು, ಚಾಮರಾಜನಗರ

ಹಣ ಬಾರದ್ದಕ್ಕೆ ಪಾಪವೇ ಕಾರಣ ಎಂದು ಯಾರಾದರೂ ಹೇಳಿದ್ದರೆ ಅದನ್ನು ಕಿವಿಯಲ್ಲಿ ಇಟ್ಟುಕೊಳ್ಳಬೇಡಿ. 2 ಕೊರಿಂಥ 11ರಲ್ಲಿ ಪೌಲನು ತನ್ನ ಹಸಿವು, ಬಾಯಾರಿಕೆ, ಚಳಿ, ಮೂರು ಸಲ ಒಡೆದ ಹಡಗು ಎಲ್ಲವನ್ನೂ ಎಣಿಸುತ್ತಾನೆ. ಎಲ್ಲಿಯೂ ತನ್ನ ನಂಬಿಕೆ ಸಾಲಲಿಲ್ಲ ಎನ್ನುವುದಿಲ್ಲ. ಬಿಥೂನ್ಯಕ್ಕೆ ಹೋಗಬೇಕೆಂದಾಗ ದಾರಿ ಮುಚ್ಚಿತು, ತ್ರೋವಕ್ಕೆ ಇಳಿದ. ಈಗಾಗಲೇ ಕಾಣಿಕೆ ಕೊಟ್ಟವರಿಗೆ ವಿಷಯ ತಿಳಿಸಿ, ಹಣ ವಾಪಸು ಬೇಕೇ, ಬೇರೆ ಸೇವೆಗೆ ಬಳಸಬಹುದೇ ಎಂದು ಒಬ್ಬೊಬ್ಬರನ್ನೂ ಕೇಳಿರಿ. ದುಃಖ ಆಗುತ್ತದೆ, ಆಗಲಿ. ಒಂದು ವರ್ಷದ ಪ್ರಾರ್ಥನೆಯಲ್ಲಿ ನೀವು ಹೆಸರು ಹಿಡಿದು ಬೇಡಿದ ಆ ಜನರನ್ನು ಮಾತ್ರ ಬಿಡಬೇಡಿ.

ನಮ್ಮದು ಕೂಲಿ ಮಾಡುವವರ ಸಣ್ಣ ಸಭೆ. ಪ್ರಯಾಣದಲ್ಲಿರುವ ಸೇವಕರು ಆಗಾಗ ಬರುತ್ತಾರೆ. ಕೆಲವರು ವಾರಗಟ್ಟಲೆ ಉಳಿಯುತ್ತಾರೆ. ಬೇಡ ಎನ್ನಲು ಭಯ, ಸಾಕಲು ಶಕ್ತಿ ಇಲ್ಲ.
— ಸಭೆಯ ಹಿರಿಯರು, ರಾಯಚೂರು ಜಿಲ್ಲೆ

ಈ ಕಷ್ಟ ಮೊದಲ ಸಭೆಗಳಿಗೂ ಇತ್ತು. ‘ದಿದಾಖೆ’ ಎಂಬ ಬಹಳ ಹಳೆಯ ಸಭಾ ಕೈಪಿಡಿಯಲ್ಲಿ ಇದಕ್ಕೆ ನೇರವಾದ ನಿಯಮವಿದೆ. ಬಂದ ಸೇವಕನನ್ನು ಕರ್ತನಂತೆ ಬರಮಾಡಿಕೊಳ್ಳಬೇಕು. ಅವನು ಒಂದು ದಿನ, ಬೇಕಾದರೆ ಎರಡು ದಿನ ಇರಬಹುದು. ಮೂರನೆಯ ದಿನವೂ ಕೂತರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದವರೆಗಿನ ರೊಟ್ಟಿ ಮಾತ್ರ ಒಯ್ಯಬೇಕು, ಹಣ ಕೇಳಬಾರದು. ಹಾಗಾಗಿ ದಿನ ಗೊತ್ತುಮಾಡುವುದು ಅಪಚಾರವಲ್ಲ. ಸೇವಕರು ಬರುವ ಮೊದಲೇ ಫೋನಿನಲ್ಲಿ ಹೇಳಿಬಿಡಿ: ನಮ್ಮಲ್ಲಿ ಎರಡು ರಾತ್ರಿ ಉಳಿಯಬಹುದು.

ಇನ್ನು ಶಕ್ತಿಯ ಮಾತು. ಮಿಜೋರಾಂನಲ್ಲಿ ‘ಬುಹ್‌ಫಾಯ್ ಥಾಮ್’ ಎಂಬ ರೂಢಿ ಇದೆ. ಅಲ್ಲಿಯ ತಾಯಂದಿರು ಪ್ರತಿ ಸಲ ಅನ್ನಕ್ಕೆ ಇಡುವಾಗ ಒಂದು ಹಿಡಿ ಅಕ್ಕಿಯನ್ನು ಪಕ್ಕಕ್ಕೆ ತೆಗೆದಿಡುತ್ತಾರೆ. ಸಭೆ ಅದನ್ನು ಮನೆಮನೆಯಿಂದ ಕೂಡಿಸಿ ಮಾರುತ್ತದೆ. ಕೈಯಲ್ಲಿ ಕಾಸಿಲ್ಲದ ಹೆಂಗಸರು ಆರಂಭಿಸಿದ ಈ ಪದ್ಧತಿಯಿಂದ ಎಷ್ಟೋ ಸೇವಕರು ದೂರದ ರಾಜ್ಯಗಳಿಗೆ ಹೋಗಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹಿಂದೆಯೂ ಬರೀ ಶ್ರೀಮಂತರಿರಲಿಲ್ಲ. 1855ರಿಂದ ಆ ಮಿಷನ್ನಿಗಾಗಿ ‘ಅರ್ಧ ಬಾಟ್ಸೆನ್’ ಕಾಣಿಕೆ ಎಂದು ಶುರುವಾಯಿತು. ವಾರಕ್ಕೊಂದು ಚಿಕ್ಕ ನಾಣ್ಯ, ಸಾಧಾರಣ ಮನೆಗಳಿಂದ. ಧಾರವಾಡ, ಹುಬ್ಬಳ್ಳಿ ಕಡೆ ಕುದುರೆ, ಚಕ್ಕಡಿ ಮೇಲೆ ತಿರುಗಿದವರ ಸೇವೆಗೆ ಆ ಚಿಲ್ಲರೆಯೂ ಆಧಾರವಾಗಿತ್ತು.

ನಿಮ್ಮಲ್ಲಿ ಜೋಳ ಬೆಳೆಯುತ್ತದೆ, ಹಿಡಿ ಜೋಳದಿಂದಲೇ ಆರಂಭಿಸಿ. ಸಭೆಯಲ್ಲಿ ಒಂದು ಡಬ್ಬ, ಒಂದು ಲೆಕ್ಕದ ನೋಟುಬುಕ್ಕು, ಬೀಗದ ಕೈ ಇಬ್ಬರು ಹೆಂಗಸರ ಹತ್ತಿರ. ಬಂದ ಸೇವಕರಿಗೆ ಅದರಿಂದ ಊಟ. ಹೊರಡುವ ದಿನ ಕಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡಿ. ಮುಂದಿನ ಊರಿನ ಹಿರಿಯರಿಗೆ ಫೋನು ಮಾಡಿ ಇಂಥವರು ಬರುತ್ತಿದ್ದಾರೆ ಎಂದು ತಿಳಿಸಿ, ಬಸ್ ಹತ್ತಿಸಿ ಟಿಕೆಟಿಗೆ ದುಡ್ಡು ಕೊಡಿ.