ಕರೆಂಟ್ ಹರಿದಾಗ ಎಲೆಕ್ಟ್ರಾನ್ ಯಾವ ಕಡೆ ನೋಡುತ್ತೆ?

ಮಕ್ಕಳೇ, ತಂತಿಯಲ್ಲಿ ಕರೆಂಟ್ ಹರಿದರೆ ಪಕ್ಕದಲ್ಲಿಟ್ಟ ದಿಕ್ಸೂಚಿಯ ಮುಳ್ಳು ತಿರುಗುತ್ತೆ ಅಂತ ನಿಮ್ಮಲ್ಲಿ ದೊಡ್ಡವರು ಶಾಲೆಯಲ್ಲಿ ಕಲಿತಿರುತ್ತೀರಿ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಇದನ್ನು ಕಂಡುಹಿಡಿದರು. ಅದು ತಂತಿಯ ಹೊರಗಿನ ಕಥೆ. ಒಳಗೂ ಒಂದು ಕಥೆ ಇದೆ.

ಪ್ರತಿ ಎಲೆಕ್ಟ್ರಾನೂ ಒಂದು ಪುಟಾಣಿ ಅಯಸ್ಕಾಂತ. ಅದಕ್ಕೆ ಕಾರಣವಾದ ಗುಣವೇ ಸ್ಪಿನ್. ಪುಸ್ತಕಗಳಲ್ಲಿ ಬುಗುರಿಯ ಚಿತ್ರ ಹಾಕಿರುತ್ತಾರೆ. ನಿಜವಾಗಿ ಅದು ಬುಗುರಿಯ ಹಾಗೆ ತಿರುಗೋದಿಲ್ಲ, ಆದರೆ ಸ್ಪಿನ್‌ಗೆ ಒಂದು ದಿಕ್ಕು ಇದೆ.

ಕೆಲವು ವಸ್ತುಗಳಲ್ಲಿ, ಮುಖ್ಯವಾಗಿ ಭಾರವಾದ ಪರಮಾಣುಗಳಿರುವ ಕಡೆ, ವೇಗವಾಗಿ ಓಡುವ ಎಲೆಕ್ಟ್ರಾನಿಗೆ ಅಲ್ಲಿನ ವಿದ್ಯುತ್ ಕ್ಷೇತ್ರವೇ ಕಾಂತಕ್ಷೇತ್ರದಂತೆ ಕಾಣುತ್ತದೆ. ಆಗ ಓಟಕ್ಕೂ ಸ್ಪಿನ್‌ಗೂ ಗಂಟು ಬೀಳುತ್ತೆ. ಇದೇ ಸ್ಪಿನ್-ಆರ್ಬಿಟ್ ಕಪ್ಲಿಂಗ್. ಮೊದಮೊದಲು ಈ ಲೆಕ್ಕದ ಉತ್ತರ ಎರಡು ಪಟ್ಟು ಬರುತ್ತಿತ್ತು. 1926ರಲ್ಲಿ ಸರಿಮಾಡಿದವರು ನಮ್ಮ ಲಂಡನ್ನಿನಲ್ಲೇ ಹುಟ್ಟಿದ ಲೆವೆಲಿನ್ ಥಾಮಸ್. ಆಗ ಅವರಿಗೆ ಬರೀ 22 ವರ್ಷ!

ಈಗ ರೇನರ್ಸ್ ಲೇನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ನೆನಪಿಸಿಕೊಳ್ಳಿ. ಅಲ್ಲೊಂದು ವಿಚಿತ್ರ ನಿಯಮ ಅಂದುಕೊಳ್ಳಿ: ನಡೆಯುವವರೆಲ್ಲ ತಮ್ಮ ಬಲಗಡೆಗೆ ಮುಖ ತಿರುಗಿಸಿರಬೇಕು. ಪೂರ್ವಕ್ಕೆ ಹೊರಟವರು ದಕ್ಷಿಣ ನೋಡುತ್ತಾರೆ, ಪಶ್ಚಿಮಕ್ಕೆ ಹೊರಟವರು ಉತ್ತರ. ಎರಡೂ ಕಡೆ ಸಮ ಜನ ಇದ್ದರೆ ಲೆಕ್ಕ ಸೊನ್ನೆ. ಪೂರ್ವಕ್ಕೆ ಹೆಚ್ಚು ಜನ ಹೊರಟರೆ? ದಕ್ಷಿಣ ನೋಡುವ ಮುಖಗಳೇ ಜಾಸ್ತಿ! ಯಾರ ಕತ್ತನ್ನೂ ಯಾರೂ ಹಿಡಿದು ತಿರುಗಿಸಲಿಲ್ಲ, ಗುಂಪು ಒಂದು ಕಡೆ ಹರಿಯಿತು ಅಷ್ಟೆ.

ಕರೆಂಟ್ ಮಾಡೋದೂ ಇದನ್ನೇ. ಹರಿಯುವ ದಿಕ್ಕಿಗೆ ಅಡ್ಡಲಾಗಿ ಸ್ಪಿನ್‌ಗಳು ಒಂದು ಕಡೆ ಹೆಚ್ಚಾಗುತ್ತವೆ. ಕರೆಂಟ್ ನಿಲ್ಲಿಸಿದರೆ ಮತ್ತೆ ಸೊನ್ನೆ. (ಅಪ್ಪ-ಅಮ್ಮಂದಿರಿಗೆ: ಎಡಕ್ಕೆ ನೋಡುವ ಎಲೆಕ್ಟ್ರಾನ್‌ಗಳ ಗುಂಪೂ ಇರುತ್ತೆ, ಆದರೆ ಚಿಕ್ಕದು, ಪೂರ್ತಿ ರದ್ದಾಗೋದಿಲ್ಲ. ಜೊತೆಗೆ, ವಸ್ತುವಿನ ಮೇಲು-ಕೆಳಗು ಒಂದೇ ಥರ ಇರಬಾರದು. ಎರಡು ಪದರ ಕೂಡುವ ಜಾಗ ಇದಕ್ಕೆ ಒಳ್ಳೆಯದು.) 1990ರಲ್ಲಿ ಎಡೆಲ್‌ಸ್ಟೈನ್ ಇದರ ಲೆಕ್ಕ ಬರೆದರು. 2004ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ, ಎಳೆತಕ್ಕೆ ಸಿಕ್ಕ ಅರೆವಾಹಕದ ಮೇಲೆ ಬೆಳಕು ಬಿಟ್ಟು ಇದನ್ನು ಅಳೆದರು.

ಕಂಪ್ಯೂಟರ್ ಕೆಲಸದವನಾದ ನನಗೆ ಇಷ್ಟವಾಗೋದು ಮುಂದಿನ ಮಾತು. ಪ್ಲಾಟಿನಂ ಅಥವಾ ಟಂಗ್‌ಸ್ಟನ್ ಮೇಲೆ ತೆಳುವಾದ ಅಯಸ್ಕಾಂತದ ಪದರ ಇಟ್ಟು ಕರೆಂಟ್ ಹರಿಸಿದರೆ, ಈ ಪರಿಣಾಮವೂ ಇದರ ಸೋದರನಾದ ಸ್ಪಿನ್ ಹಾಲ್ ಪರಿಣಾಮವೂ ಸೇರಿ ಆ ಅಯಸ್ಕಾಂತವನ್ನು ಮಗುಚಿ ಹಾಕಬಲ್ಲವು. ಒಂದು ಕಡೆ ಇದ್ದರೆ 0, ಇನ್ನೊಂದು ಕಡೆ ಇದ್ದರೆ 1. ಪವರ್ ಹೋದರೂ ಮರೆಯದ ಮೆಮೊರಿ!

ಈಗ ನಿಮ್ಮ ಸರದಿ: ಪ್ಲಾಟ್‌ಫಾರ್ಮಿನ ಗುಂಪು ಉತ್ತರಕ್ಕೆ ಹೊರಟರೆ ಹೆಚ್ಚು ಮುಖಗಳು ಯಾವ ಕಡೆ ನೋಡುತ್ತವೆ? ಎದ್ದು ನಿಂತು, ನಡೆದು ನೋಡಿಯೇ ಉತ್ತರ ಹೇಳಿ.