ನೃತ್ಯದ ಹೊಸ ದಾರಿ

ಹಲವು ವರ್ಷಗಳ ಕಾಲ ಗುರುವಿನ ಬಳಿ ಭರತನಾಟ್ಯವನ್ನು ಕಲಿತ ಶಿಷ್ಯೆಯು ಮೊತ್ತಮೊದಲು ಸಭಿಕರ ಎದುರಿನಲ್ಲಿ ನರ್ತಿಸುವ ಸಂದರ್ಭಕ್ಕೆ ರಂಗಪ್ರವೇಶ ಎಂದು ಹೆಸರು. 1952ರಲ್ಲಿ ಮದರಾಸು ನಗರದಲ್ಲಿ ಅಂತಹ ಒಂದು ರಂಗಪ್ರವೇಶ ನಡೆಯಿತು. ನರ್ತಿಸಿದಾಕೆ ಚಂದ್ರಲೇಖಾ ಎಂಬ ತರುಣಿ. ಆ ದಿನಗಳಲ್ಲಿ ಬಳ್ಳಾರಿಗೆ ಹೊಂದಿಕೊಂಡಿರುವ ರಾಯಲಸೀಮೆಯು ಬರಗಾಲದಿಂದ ಬೆಂದುಹೋಗಿತ್ತು. ಆದುದರಿಂದ ಕಾರ್ಯಕ್ರಮದಲ್ಲಿ ಕೂಡಿದ ಹಣವು ಬರ ಪರಿಹಾರ ನಿಧಿಗೆ ಸಲ್ಲಬೇಕೆಂದು ಗೊತ್ತುಮಾಡಲಾಗಿತ್ತು.

ಅಂದು ಆಕೆ ಅಭಿನಯಿಸಿದ ಒಂದು ಪದದಲ್ಲಿ ಯಮುನಾ ನದಿಯ ವರ್ಣನೆ ಬರುತ್ತದೆ. ತುಂಬಿ ಹರಿಯುವ ಹೊಳೆ, ಅಲೆಗಳ ಏರಿಳಿತ, ಗೋಪಿಯರ ಜಲಕ್ರೀಡೆ ಇವೆಲ್ಲವನ್ನೂ ನರ್ತಕಿಯು ಕೈಬೆರಳುಗಳ ಚಲನೆಯಿಂದಲೂ ಕಣ್ಣುಗಳ ಹೊಳಪಿನಿಂದಲೂ ಕಟ್ಟಿಕೊಡಬೇಕು. ಚಂದ್ರಲೇಖಾ ತಾನು ಕಲಿತದ್ದಕ್ಕೆ ಕುಂದು ಬಾರದಂತೆ ನರ್ತಿಸುತ್ತಿದ್ದಳು. ನಡುವೆ ಒಮ್ಮೆಲೇ ಆಕೆಯ ಮನಸ್ಸಿಗೆ ರಾಯಲಸೀಮೆಯ ಚಿತ್ರಗಳು ಬಂದು ನಿಂತವು. ಬಿರುಕು ಬಿಟ್ಟ ನೆಲ, ಬರಿಗೊಡ ಹಿಡಿದು ನೀರಿಗಾಗಿ ಕಾದು ನಿಂತ ಜನ! ಇತ್ತ ರಂಗದ ಮೇಲೆ ನೀರಿನ ಸಮೃದ್ಧಿ, ಅತ್ತ ಹನಿ ನೀರಿಲ್ಲದ ನಾಡು. ಕೈಗಳು ಅಭ್ಯಾಸಬಲದಿಂದ ಅಲೆಗಳನ್ನು ತೋರಿಸುತ್ತಲೇ ಇದ್ದವು. ಆದರೆ ಕಲೆಗೂ ಬದುಕಿಗೂ ನಡುವೆ ಇಂತಹ ಕಂದಕ ಏಕೆ ಎಂಬ ಪ್ರಶ್ನೆ ಆಕೆಯನ್ನು ಹಿಡಿದುಕೊಂಡಿತು. ಮುಂದೆ ಅವರು ಈ ಪ್ರಸಂಗವನ್ನು ಹಲವು ಬಾರಿ ನೆನೆದು ಹೇಳಿದ್ದುಂಟು.

ಚಂದ್ರಲೇಖಾ ಹುಟ್ಟಿದ್ದು 1928ರಲ್ಲಿ, ಮಹಾರಾಷ್ಟ್ರದ ವಾಡಾ ಎಂಬ ಊರಿನಲ್ಲಿ. ಮಾತೃಭಾಷೆ ಗುಜರಾತಿ. ಕಾನೂನು ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ನೃತ್ಯ ಕಲಿಯುವ ಹಂಬಲದಿಂದ ಮದರಾಸಿಗೆ ಬಂದು, ಕಾಂಚೀಪುರದ ಎಲ್ಲಪ್ಪ ಪಿಳ್ಳೆಯವರಲ್ಲಿ ಶಿಷ್ಯವೃತ್ತಿ ಕೈಗೊಂಡರು. ಭರತನಾಟ್ಯವನ್ನು ಕಲಿಯಬೇಕೆನ್ನುವವರಿಗೆ ಆ ಕಾಲದಲ್ಲಿ ಮದರಾಸಿಗಿಂತ ಮಿಗಿಲಾದ ಸ್ಥಳವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ತಂಜಾವೂರಿನ ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಎಂಬ ನಾಲ್ವರು ಸಹೋದರರು ಈ ನೃತ್ಯಕ್ಕೆ ಅಲರಿಪುವಿನಿಂದ ತಿಲ್ಲಾನದವರೆಗಿನ ಒಂದು ಕ್ರಮವನ್ನು ರೂಪಿಸಿದ್ದರು. ಇವರಲ್ಲಿ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿದ್ದರು. ಮುಂದೆ ಈ ಕಲೆಗೆ ಕೆಟ್ಟ ದಿನಗಳು ಬಂದವು. ದೇವದಾಸಿ ಪದ್ಧತಿಯ ಮೇಲಿನ ಜುಗುಪ್ಸೆಯು ಅವರ ನೃತ್ಯದ ಮೇಲೂ ತಿರುಗಿತು. ಗೌರವಸ್ಥರ ಮನೆಯ ಹೆಣ್ಣುಮಕ್ಕಳು ಗೆಜ್ಜೆ ಕಟ್ಟುವುದು ಅಪಚಾರವೆನಿಸಿತು. 1935ರಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರು ಅಡೆಯಾರಿನಲ್ಲಿ ತಾವೇ ನರ್ತಿಸಿ ಈ ಕಟ್ಟನ್ನು ಮುರಿದರು. ಮರುವರ್ಷ ಕಲಾಕ್ಷೇತ್ರದ ಸ್ಥಾಪನೆಯಾಯಿತು. 1947ರಲ್ಲಿ ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದಿತು. ಕಲೆಯೇನೋ ಉಳಿಯಿತು. ಆದರೆ ತಲೆಮಾರುಗಳಿಂದ ಅದನ್ನು ಕಾಪಾಡಿಕೊಂಡು ಬಂದ ಹೆಂಗಸರಲ್ಲಿ ಬಹುಮಂದಿ ರಂಗದಿಂದ ದೂರವಾದರು. 1961ರಲ್ಲಿ ಚಂದ್ರಲೇಖಾ ಸಂಯೋಜಿಸಿದ ನೃತ್ಯದ ಹೆಸರು ‘ದೇವದಾಸಿ’ ಎಂದಿರುವುದು ಆಕಸ್ಮಿಕವಲ್ಲ.

ಇಲ್ಲಿ ಸಂಯೋಜನೆ ಎಂಬ ಮಾತಿನ ಅರ್ಥವನ್ನು ತಿಳಿಯುವುದು ಅಗತ್ಯ. ಗುರು ಕಲಿಸಿದ ಪದವನ್ನೋ ವರ್ಣವನ್ನೋ ಚೆನ್ನಾಗಿ ನರ್ತಿಸುವುದು ಒಂದು ಬಗೆಯ ಸಾಮರ್ಥ್ಯ. ಈವರೆಗೆ ಇಲ್ಲದ ನೃತ್ಯವೊಂದನ್ನು ಕಲ್ಪಿಸಿ, ಯಾರು ಯಾವಾಗ ಎಲ್ಲಿ ನಿಲ್ಲಬೇಕು, ಯಾವ ಚಲನೆಯ ಬಳಿಕ ಯಾವುದು ಬರಬೇಕು, ಎಲ್ಲಿ ಮೌನವಿರಬೇಕು ಎಂಬುದನ್ನೆಲ್ಲ ನಿರ್ಧರಿಸುವುದು ಇನ್ನೊಂದು ಬಗೆಯದು. ಕವಿಗೆ ಶಬ್ದ ಹೇಗೋ ಹಾಗೆ ಸಂಯೋಜಕರಿಗೆ ನರ್ತಕರ ಶರೀರ. ಇದನ್ನು ಒಂದು ಪ್ರತ್ಯೇಕ ವಿದ್ಯೆಯಾಗಿ ಬೋಧಿಸಿದವರಲ್ಲಿ ಬೆಂಗಳೂರಿನ ಮಲ್ಲೇಶ್ವರದ ಮಾಯಾರಾವ್ ಅಗ್ರಗಣ್ಯರು. ಅವರೂ 1928ರಲ್ಲಿಯೇ ಜನಿಸಿದವರು. ಮಾಸ್ಕೋ ನಗರದಲ್ಲಿ ಸಂಯೋಜನೆಯನ್ನು ಅಭ್ಯಾಸ ಮಾಡಿ ಬಂದು, 1964ರಲ್ಲಿ ದೆಹಲಿಯಲ್ಲಿ ಅದಕ್ಕಾಗಿ ಶಾಲೆಯನ್ನು ತೆರೆದು, 1987ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಚಂದ್ರಲೇಖಾ ಅವರಾದರೋ ಶಾಲೆಯನ್ನು ತೆರೆದವರಲ್ಲ. ಅವರ ದಾರಿ ಒಂಟಿ ದಾರಿ.

1972ರಲ್ಲಿ ‘ನವಗ್ರಹ’ ಎಂಬ ನೃತ್ಯವನ್ನು ರಚಿಸಿದ ಮೇಲೆ ಅವರು ರಂಗದಿಂದ ಹಿಂದೆ ಸರಿದರು. ಒಂದಲ್ಲ ಎರಡಲ್ಲ, ಸುಮಾರು ಹನ್ನೆರಡು ವರ್ಷ! ಹೆಸರು ಮಾಡಿದ ಕಲಾವಿದರು ಸಭೆಗಳ ಚಪ್ಪಾಳೆಯನ್ನು ಹೀಗೆ ತೊರೆಯುವುದು ವಿರಳ. ಈ ಅವಧಿಯಲ್ಲಿ ಅವರು ಭಿತ್ತಿಪತ್ರಗಳನ್ನು ಬರೆದರು. ವಿನ್ಯಾಸದ ಕೆಲಸ ಮಾಡಿದರು. ಸ್ತ್ರೀಯರ ಹಕ್ಕುಗಳಿಗಾಗಿ ನಡೆದ ಚಳವಳಿಯಲ್ಲಿ ಪಾಲುಗೊಂಡರು. ನೃತ್ಯ ಸಭೆಗಳಲ್ಲಿ ತುಂಬಿಕೊಂಡಿದ್ದ ಆಡಂಬರ ಅವರಿಗೆ ಒಗ್ಗಿರಲಿಲ್ಲ. ಹೊಳೆಯುವ ಒಡವೆ, ಜರತಾರಿ ಉಡುಪು, ಮೂರು ಹೊತ್ತೂ ದೇವತೆಗಳ ಕಥೆ ಇವುಗಳ ಭಾರದಲ್ಲಿ ಶರೀರವೇ ಮರೆಯಾಗಿದೆ ಎಂಬುದು ಅವರ ಆಕ್ಷೇಪಣೆಯಾಗಿತ್ತು.

1984ರಲ್ಲಿ ಮುಂಬಯಿಯಲ್ಲಿ ಪೂರ್ವ ಪಶ್ಚಿಮ ದೇಶಗಳ ನರ್ತಕರು ಕೂಡಿದ ಒಂದು ಸಮಾವೇಶ ಏರ್ಪಟ್ಟಿತು. ಅದರಲ್ಲಿ ಭಾಗವಹಿಸಲು ಚಂದ್ರಲೇಖಾ ಮತ್ತೆ ನೃತ್ಯಕ್ಕೆ ಮರಳಿದರು. ಮರುವರ್ಷ, ಎಂದರೆ 1985ರಲ್ಲಿ, ‘ಅಂಗಿಕ’ ಎಂಬ ಕೃತಿಯು ರಂಗಕ್ಕೆ ಬಂದಿತು. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ಅಭಿನಯವು ನಾಲ್ಕು ಬಗೆಯೆಂದು ಭರತಮುನಿಯ ನಾಟ್ಯಶಾಸ್ತ್ರವು ಹೇಳುತ್ತದೆ. ಶರೀರದ ಅಂಗಾಂಗಗಳಿಂದ ಆಗುವುದು ಆಂಗಿಕ. ಉಳಿದುದೆಲ್ಲವನ್ನೂ ಬದಿಗಿರಿಸಿ ಈ ಒಂದರ ಬೇರನ್ನು ಹುಡುಕುವುದೇ ಕೃತಿಯ ಉದ್ದೇಶ.

ಬೇರು ಸಿಕ್ಕಿದ್ದು ಎರಡು ಎಡೆಗಳಲ್ಲಿ. ಒಂದು ಯೋಗ, ಇನ್ನೊಂದು ಕೇರಳದ ಕಳರಿಪಯಟ್ಟು. ಕಳರಿಪಯಟ್ಟು ನೃತ್ಯವಲ್ಲ, ಯುದ್ಧವಿದ್ಯೆ. ಮಣ್ಣಿನ ನೆಲದ ಗರಡಿಯಲ್ಲಿ ಮೈಗೆ ಎಣ್ಣೆ ಹಚ್ಚಿಕೊಂಡು ಇದನ್ನು ಸಾಧಿಸುತ್ತಾರೆ. ಆನೆ, ಸಿಂಹ, ಕುದುರೆ, ಹಂದಿ, ಹಾವು, ಬೆಕ್ಕು, ಕೋಳಿ, ನವಿಲು ಎಂದು ಪ್ರಾಣಿಗಳ ಹೆಸರಿನ ನಿಲುವುಗಳು ಇದರಲ್ಲಿವೆ. ಹಾರುವ ಮುನ್ನ ಬೆಕ್ಕು ಮೈಯನ್ನು ಹೇಗೆ ಕುಗ್ಗಿಸಿಕೊಳ್ಳುತ್ತದೆಂಬುದನ್ನು ಕಂಡವರಿಗೆ ಈ ನಿಲುವುಗಳ ಒಳಗುಟ್ಟು ಸುಲಭವಾಗಿ ತಿಳಿದೀತು. ಚಂದ್ರಲೇಖಾ ಭರತನಾಟ್ಯದ ನರ್ತಕಿಯರನ್ನೂ ಕಳರಿಯ ಪಟುಗಳನ್ನೂ ಒಂದೇ ರಂಗದ ಮೇಲೆ ತಂದರು. ಭರತನಾಟ್ಯದ ಮೂಲ ನಿಲುವಾದ ಅರೆಮಂಡಿಯನ್ನು ಗಮನಿಸಿದರೆ ಇದರ ಔಚಿತ್ಯ ಮನದಟ್ಟಾಗುತ್ತದೆ. ಪಾದಗಳು ಹೊರಕ್ಕೆ ತಿರುಗಿ, ಮಂಡಿಗಳು ಎರಡು ಕಡೆಗೆ ಬಾಗಿ, ಬೆನ್ನು ನೆಟ್ಟಗಿರಬೇಕು. ಕಳರಿಯ ಪಟುವೂ ಹಾಗೆಯೇ ನೆಲಕ್ಕೆ ತಗ್ಗಿ, ನೆಲದಿಂದಲೇ ಬಲವನ್ನು ಪಡೆಯುತ್ತಾನೆ. ನರ್ತಕಿ, ಯೋಗಿ, ಯೋಧ ಈ ಮೂವರ ಬೆನ್ನುಮೂಳೆ ಒಂದೇ ಪಾಠವನ್ನು ಕಲಿತಿದೆ ಎಂಬುದನ್ನು ಅವರು ಮಾತಿಲ್ಲದೆ ತೋರಿಸಿಕೊಟ್ಟರು. ಉಡುಪು ಅಭ್ಯಾಸದ ವೇಳೆಯಲ್ಲಿ ತೊಡುವಷ್ಟು ಸರಳ. ಹಾವಭಾವಗಳಿಂದ ಕಥೆ ಹೇಳುವ ಗೋಜಿಲ್ಲ.

ಮದರಾಸಿನ ರಸಿಕರಲ್ಲಿ ಎರಡು ಪಕ್ಷಗಳಾದವು. ನೃತ್ಯಕ್ಕೆ ಹೊಸ ಜೀವ ಬಂದಿತೆಂದು ಕೆಲವರು ಹಿಗ್ಗಿದರು. ಇದು ಭರತನಾಟ್ಯವೇ ಅಲ್ಲ, ಭಕ್ತಿಯನ್ನೂ ಶೃಂಗಾರವನ್ನೂ ಕಳೆದ ಮೇಲೆ ಉಳಿಯುವುದು ಅಂಗಸಾಧನೆ ಮಾತ್ರ ಎಂದು ಹಲವರು ಮುನಿದರು. ಮುನಿದವರೆಲ್ಲರೂ ಅರಸಿಕರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಶ್ರೀಕೃಷ್ಣನನ್ನು ಬಾರೆಂದು ಕರೆಯುವ ವ್ಯಾಸರಾಯರ ಕನ್ನಡ ಪದಕ್ಕೆ ಟಿ. ಬಾಲಸರಸ್ವತಿಯವರು ಮಾಡುತ್ತಿದ್ದ ಅಭಿನಯವು ಲೋಕಪ್ರಸಿದ್ಧವಾದುದು. ಅದನ್ನು ಕಂಡವರು ಅಭಿನಯವಿಲ್ಲದ ನೃತ್ಯವನ್ನು ಬರಡೆಂದು ಭಾವಿಸಿದ್ದರೆ ಅದು ಸಹಜವೇ. ಚಂದ್ರಲೇಖಾ ಅವರಿಗೂ ಬಾಲಸರಸ್ವತಿಯವರ ಮೇಲೆ ಅಪಾರ ಗೌರವವಿತ್ತೆಂಬುದನ್ನು ಇಲ್ಲಿ ಮರೆಯಬಾರದು. ಹಳೆಯದನ್ನು ಅರಿಯದೆ ಹೊಸದಕ್ಕೆ ಕೈಯಿಕ್ಕಿದವರು ಅವರಲ್ಲ. ಹೊಸತನದ ಹೆಸರಿನಲ್ಲಿ ನಡೆಯುವ ಎಷ್ಟೋ ಪ್ರಯೋಗಗಳಿಗೂ ಅವರ ಕೃತಿಗಳಿಗೂ ಇರುವ ವ್ಯತ್ಯಾಸವೇ ಇದು.

ಬರಿಯ ಅಂಗಸಾಧನೆ ಎಂಬ ಟೀಕೆಗೆ 1989ರ ‘ಲೀಲಾವತಿ’ಯಲ್ಲಿ ಒಂದು ಬಗೆಯ ಉತ್ತರ ದೊರೆಯುತ್ತದೆ. ಕ್ರಿ. ಶ. 1150ರಲ್ಲಿ ಭಾಸ್ಕರಾಚಾರ್ಯನು ರಚಿಸಿದ ಗಣಿತ ಗ್ರಂಥವೇ ಇದರ ವಸ್ತು. ಭಾಸ್ಕರನು ತನ್ನ ಊರನ್ನು ವಿಜ್ಜಡವಿಡವೆಂದು ಕರೆದುಕೊಂಡಿದ್ದಾನೆ. ಅದು ಇಂದಿನ ವಿಜಯಪುರವೆಂದು ಕೆಲವು ವಿದ್ವಾಂಸರ ಮತ. ಮಹಾರಾಷ್ಟ್ರದಲ್ಲಿದೆಯೆಂದು ಬೇರೆ ಕೆಲವರ ಮತ. ಗಣಿತವನ್ನು ನರ್ತಿಸುವುದೆಂದರೆ ಏನು ಎಂದು ವಿದ್ಯಾರ್ಥಿಗಳಿಗೆ ಅಚ್ಚರಿಯಾಗಬಹುದು. ಆದರೆ ಲೀಲಾವತಿಯ ಲೆಕ್ಕಗಳು ಒಣ ಅಂಕಿಗಳಲ್ಲ. ಒಂದು ಲೆಕ್ಕದ ಸಾರಾಂಶ ಹೀಗಿದೆ: ಹಕ್ಕಿಗಳು ತುಂಬಿದ ಕೊಳದಲ್ಲಿ ತಾವರೆಯ ಮೊಗ್ಗೊಂದು ನೀರಿನಿಂದ ಅರ್ಧ ಮೊಳ ಮೇಲಕ್ಕೆ ನಿಂತಿದೆ. ಗಾಳಿ ಬೀಸಿದಾಗ ಅದು ಮೆಲ್ಲನೆ ಬಾಗಿ, ಎರಡು ಮೊಳ ದೂರದಲ್ಲಿ ನೀರಿನೊಳಗೆ ಮುಳುಗುತ್ತದೆ. ಹಾಗಾದರೆ ನೀರಿನ ಆಳವೆಷ್ಟು? ಲಂಬಕೋನ ತ್ರಿಭುಜದ ನಿಯಮವನ್ನು ಬಲ್ಲವರು ಮೂರೂ ಮುಕ್ಕಾಲು ಮೊಳವೆಂದು ಕಂಡುಹಿಡಿಯಬಲ್ಲರು. ಇಂತಹ ಲೆಕ್ಕದಲ್ಲಿ ಬಾಗುವ ದಂಟು ನೃತ್ಯವೂ ಹೌದು, ಕರ್ಣರೇಖೆಯೂ ಹೌದು. ಭರತನಾಟ್ಯದಲ್ಲಿಯಾದರೋ ಗಣಿತವು ಮೊದಲಿನಿಂದಲೂ ಅಡಗಿದೆ. ಒಂದೇ ಅಡವನ್ನು ಮೊದಲನೆಯ ಕಾಲದಲ್ಲಿಯೂ, ಅದರ ಇಮ್ಮಡಿ ವೇಗದಲ್ಲಿಯೂ, ನಾಲ್ಮಡಿ ವೇಗದಲ್ಲಿಯೂ ತಾಳ ತಪ್ಪದೆ ಹಾಕುವುದನ್ನು ಎಳೆಯ ಮಕ್ಕಳೂ ಕಲಿಯುತ್ತಾರೆ. ಚಾಚಿದ ತೋಳು, ಬಾಗಿದ ಮಂಡಿ, ನೆಲದ ಗೆರೆ ಇವು ಸೇರಿ ತ್ರಿಭುಜಗಳಾಗುತ್ತವೆ. ದೇವತೆಗಳ ಕಥೆಯಿಲ್ಲದೆಯೂ ನೃತ್ಯಕ್ಕೆ ವಸ್ತು ಇರಬಲ್ಲದೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ದುರ್ಲಭ.

1991ರ ‘ಶ್ರೀ’ ಎಂಬ ಕೃತಿಯ ಬಗೆ ಬೇರೆ. ಅದರಲ್ಲಿ ಬೆನ್ನು ಬಾಗಿದ ಹೆಂಗಸರು ರಂಗದ ಮೇಲೆ ಬರುತ್ತಾರೆ. ತಲೆ ಎತ್ತಲಾರದೆ, ನೆಲಕ್ಕೆ ಅಂಟಿಕೊಂಡವರಂತೆ ಸಾಗುತ್ತಾರೆ. ಹೊರೆ ಹೊತ್ತು, ಗದ್ದೆಯಲ್ಲಿ ಬಗ್ಗಿ, ಮಾತಿಗೆ ಅಂಜಿ ಬದುಕಿದ ಹೆಂಗಸರ ಬೆನ್ನು ಅದು ಎಂದು ಯಾರೂ ವಿವರಿಸಬೇಕಾಗಿಲ್ಲ. ಕೃತಿಯು ಮುಂದುವರಿದಂತೆ ಆ ಬೆನ್ನುಗಳು ನೆಟ್ಟಗಾಗುತ್ತವೆ. ಕೊನೆಯಲ್ಲಿ ಹತ್ತು ತೋಳುಗಳ ಸ್ತ್ರೀರೂಪವೊಂದು ಎದ್ದು ನಿಲ್ಲುತ್ತದೆ. ಬರಗಾಲದ ನೆಲವನ್ನು ನೆನೆದು ರಂಗದ ಮೇಲೆ ತಬ್ಬಿಬ್ಬಾದ ತರುಣಿಗೆ ಸುಮಾರು ನಲವತ್ತು ವರ್ಷಗಳ ಬಳಿಕ, ಕಣ್ಣೆದುರಿನ ಬದುಕನ್ನೇ ನರ್ತಿಸುವ ಭಾಷೆ ಹೀಗೆ ಕೈಗೂಡಿತ್ತು. ಅದೇ ವರ್ಷ ಅವರಿಗೆ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಸಂದಿತು.

ಈ ಕೃತಿಗಳಲ್ಲಿ ಹಲವು ರೂಪುಗೊಂಡದ್ದು ಮದರಾಸಿನ ಬೆಸೆಂಟ್ ನಗರದಲ್ಲಿ, ಕಡಲ ದಂಡೆಗೆ ಸಮೀಪದ ಅವರ ಮನೆಯಲ್ಲಿ. ದೊಡ್ಡ ಸಭೆಗಳ ಆಶ್ರಯವಿಲ್ಲದೆ ನರ್ತಕರು, ಸಂಗೀತಗಾರರು, ಕಳರಿಯ ಪಟುಗಳು, ಚಿತ್ರಕಾರರು ಅಲ್ಲಿ ಕಲೆಯುತ್ತಿದ್ದರು. ಒಂದು ಚಲನೆಯನ್ನು ಕೈಬಿಡಬೇಕೆ ಉಳಿಸಬೇಕೆ ಎಂಬುದು ಅಭ್ಯಾಸದಿಂದಲೇ ತೀರ್ಮಾನವಾಗುತ್ತಿತ್ತು. ಅಲ್ಲಿ ಅವರೊಡನೆ ನರ್ತಿಸಿದ ಪದ್ಮಿನಿ ಚೆಟ್ಟೂರ್ ಮುಂದೆ ತಾವೇ ಸಂಯೋಜಕಿಯಾಗಿ ಹೆಸರಾದರು. ಅವರ ಕೃತಿಗಳು ಚಂದ್ರಲೇಖಾ ಅವರ ಕೃತಿಗಳ ಪಡಿಯಚ್ಚುಗಳಲ್ಲ.

2001ರಲ್ಲಿ ಚಂದ್ರಲೇಖಾ ತಮ್ಮ ಕೊನೆಯ ಕೃತಿಯಾದ ‘ಶರೀರ’ವನ್ನು ರಚಿಸಿದರು. ಗುಂಡೇಚಾ ಸಹೋದರರ ಧ್ರುಪದ ಗಾಯನ ಇದಕ್ಕೆ ಹಿನ್ನೆಲೆ. ರಂಗದ ಮೇಲೆ ಇಬ್ಬರೇ, ಒಬ್ಬ ಸ್ತ್ರೀ, ಒಬ್ಬ ಪುರುಷ. ಚಲನೆ ಎಷ್ಟು ನಿಧಾನವೆಂದರೆ, ಕಾಲೊಂದು ನೆಲದಿಂದ ಎದ್ದು ಪೂರ್ಣವಾಗಿ ಚಾಚಿಕೊಳ್ಳುವುದನ್ನು ಪ್ರೇಕ್ಷಕರು ಹೂವು ಅರಳುವುದನ್ನು ಕಾದಂತೆ ಕಾಯಬೇಕು. ವೇಗವಾಗಿ ನರ್ತಿಸುವುದಕ್ಕಿಂತ ಹೀಗೆ ನಿಧಾನವಾಗಿ ಚಲಿಸುವುದೇ ಕಷ್ಟವೆಂಬುದನ್ನು ಒಂದು ಕಾಲಿನ ಮೇಲೆ ನಿಂತು ನೋಡಿದವರು ಬಲ್ಲರು.

2006ರ ಡಿಸೆಂಬರ್ 30ರಂದು ಚಂದ್ರಲೇಖಾ ಚೆನ್ನೈಯಲ್ಲಿ ತೀರಿಕೊಂಡರು. ಚಿತ್ರಕಾರನು ಕಾಲವಾದರೆ ಚಿತ್ರಪಟ ಉಳಿಯುತ್ತದೆ; ನೃತ್ಯಕ್ಕೆ ಅಂತಹ ಪಟವಿಲ್ಲ, ನರ್ತಕರ ಮೈಯಲ್ಲಿ ನೆನಪಿರುವಷ್ಟು ಕಾಲ ಮಾತ್ರ ಅದರ ಆಯುಷ್ಯ. ‘ಶರೀರ’ವು ಆ ಬಳಿಕವೂ ಹಲವು ವರ್ಷ ದೇಶವಿದೇಶಗಳಲ್ಲಿ ಪ್ರದರ್ಶಿತವಾಯಿತು. ಅದನ್ನು ನರ್ತಿಸಿದವರು ಕವಯಿತ್ರಿ ತಿಶಾನಿ ದೋಶಿ ಮತ್ತು ಕಳರಿಪಯಟ್ಟಿನಲ್ಲಿ ಪಳಗಿದ ಶಾಜಿ ಜಾನ್.